ಪುಟ್ಟಿ, ಆ ಅನ್ನವನ್ನು ಮೊದಲು ಚೆಲ್ಲು

ಪುಟ್ಟಿ, ನಮ್ಮ ಕುಟುಂಬದ ಗುಂಪಿನಲ್ಲಿ ನಿನ್ನ ಸಂದೇಶವನ್ನು ಈಗ ತಾನೇ ನೋಡಿದೆ. ರಾತ್ರಿ ಮಾಡಿದ ಅನ್ನ ಸ್ವಿಚ್ ಆರಿಸಿದ ಕರೆಂಟ್ ಕುಕ್ಕರಿನಲ್ಲೇ ಉಳಿದುಬಿಟ್ಟಿದೆ, ಬೆಳಿಗ್ಗೆ ಮೂಸಿದರೆ ಏನೂ ವಾಸನೆಯಿಲ್ಲ, ನೆಗಡಿಯಾಗಿರುವ ಮಗ ಫ್ರೈಡ್ ರೈಸೇ ಬೇಕೆಂದು ಹಟ ಹಿಡಿದಿದ್ದಾನೆ, ದೊಡ್ಡ ಉರಿಯಲ್ಲಿ ಚೆನ್ನಾಗಿ ಹುರಿದರೆ ಪರವಾಗಿಲ್ಲವೇ ಎಂದು ಕೇಳಿದ್ದೀಯ. ಖಂಡಿತ ಬೇಡ. ಮೊದಲು ಎದ್ದು ಆ ಅನ್ನವನ್ನು ಚೆಲ್ಲು, ಆಮೇಲೆ ಕುಳಿತು ಉಳಿದದ್ದನ್ನು ಕೇಳು. ಅನ್ನ ಚೆಲ್ಲಬಾರದೆಂದು ನಿನ್ನ ಅಜ್ಜಿ ಹೇಳಿಕೊಟ್ಟದ್ದು ನನಗೆ ಮರೆತಿಲ್ಲ, ನನಗೂ ಕೈ ಬರುವುದಿಲ್ಲ. ಆದರೂ ಚೆಲ್ಲು.

ನಿಮ್ಮ ದೊಡ್ಡಪ್ಪನವರಿಗೆ ಆದದ್ದು ನಿನ್ನ ಅಮ್ಮನಿಗೆ ಚೆನ್ನಾಗಿ ಗೊತ್ತು, ನಿನಗೆ ಹೇಳಿಲ್ಲವೆಂದು ಕಾಣುತ್ತದೆ. ಸಿಂಗಾಪುರದಲ್ಲಿ ನಾವು ತೋ ಪಾಯೋ ಬಡಾವಣೆಯ ಮನೆಯಲ್ಲಿದ್ದ ಕಾಲ. ಅವರಿಗೆ ಹಡಗು ದುರಸ್ತಿಯ ಕೆಲಸ, ರಾತ್ರಿ ಪಾಳಿ. ಒಂದು ದಿನ ಬೆಳಿಗ್ಗೆ ಪಾಳಿ ಮುಗಿಸಿ ಬರುವಾಗ ಹಸಿವು ತಡೆಯದೆ ದಾರಿಯ ಅಂಗಡಿಯೊಂದರಲ್ಲಿ ಮೊಟ್ಟೆ ಹಾಕಿದ ಫ್ರೈಡ್ ರೈಸ್ ತಿಂದರು. ಬಿಸಿಬಿಸಿ, ಹೊಗೆಯಾಡುತ್ತಿತ್ತಂತೆ. ಮನೆಗೆ ಬಂದು ಸ್ನಾನಕ್ಕೆ ಹೋದವರು ಬಚ್ಚಲಲ್ಲೇ ಗೋಡೆ ಹಿಡಿದು ಕುಳಿತರು. ವಾಂತಿ ಎಂದರೆ ಅಂಥ ವಾಂತಿಯನ್ನು ನಾನು ಕಂಡಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೈಕಾಲು ತಣ್ಣಗಾಗಿ, ಆಸ್ಪತ್ರೆಯಲ್ಲಿ ಸಲೈನ್ ಏರಿಸಬೇಕಾಯಿತು. ವೈದ್ಯರು ಮೊದಲು ಕೇಳಿದ ಪ್ರಶ್ನೆಯೇ, ಅನ್ನ ತಿಂದಿರಾ, ಎಷ್ಟು ಹೊತ್ತಿನ ಹಿಂದೆ ಎಂದು.

ಮರುದಿನ ನಾನೇ ಆ ಅಂಗಡಿಗೆ ಹೋದೆ. ಹಿಂದಿನ ಸಂಜೆ ಬೇಯಿಸಿದ ಅನ್ನವನ್ನು ಕೆಂಪು ಪ್ಲಾಸ್ಟಿಕ್ ಟಬ್ಬಿಗೆ ಒತ್ತಿ ತುಂಬಿ, ಮೇಲೆ ಒದ್ದೆ ಬಟ್ಟೆ ಹೊದಿಸಿ, ಒಲೆಯ ಪಕ್ಕದಲ್ಲೇ ಇಟ್ಟಿದ್ದರು. ನಾನು ಬಟ್ಟೆ ಸರಿಸಿ ಬೆರಳಿಟ್ಟು ನೋಡಿದೆ. ಮೇಲೆ ತಣ್ಣಗೆ, ಎರಡು ಬೆರಳು ಒಳಗೆ ಇನ್ನೂ ಉಗುರುಬೆಚ್ಚಗೆ. ಆ ಬೆಚ್ಚಗೇ ಆಪತ್ತು. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಕಣಗಳಿರುತ್ತವೆ, ಅನ್ನ ಬೆಂದರೂ ಅವು ಸಾಯುವುದಿಲ್ಲ. ಅನ್ನ ಆರುತ್ತ ಬೆಚ್ಚಗಿರುವಾಗ ಅವು ಚಿಗುರಿ, ಹೆಚ್ಚಿ, ವಿಷ ಬಿಡುತ್ತವೆ. ವಾಸನೆ ಬರುವುದಿಲ್ಲ, ರುಚಿ ಕೆಡುವುದಿಲ್ಲ. ಆ ವಿಷ 121 ಡಿಗ್ರಿ ಶಾಖವನ್ನೂ ತಡೆದುಕೊಳ್ಳುತ್ತದೆ, ನಿನ್ನ ಬಾಣಲೆಯ ಉರಿ ಅದಕ್ಕೆ ಏನೂ ಮಾಡದು. ತಿಂದ ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ವಾಂತಿ. 1970ರ ದಶಕದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಚೀನೀ ಹೋಟೆಲುಗಳ ಫ್ರೈಡ್ ರೈಸ್ ತಿಂದವರು ಹೀಗೆಯೇ ಕಾಯಿಲೆ ಬಿದ್ದಾಗ ಹೊರಬಿದ್ದ ಸಂಗತಿ ಇದು. ಅನ್ನ ಉದುರುದುರಾಗಿರಲಿ ಎಂದು ಅಲ್ಲೂ ರಾತ್ರಿಯಿಡೀ ಹೊರಗೇ ಬಿಡುತ್ತಿದ್ದರು.

ಅದಕ್ಕೇ ಮತ್ತೊಮ್ಮೆ ಹೇಳುತ್ತೇನೆ ಪುಟ್ಟಿ, ರಾತ್ರಿಯೆಲ್ಲ ಹೊರಗಿದ್ದ ಅನ್ನವನ್ನು ಹುರಿದರೂ ಬೇಡ, ಕುದಿಸಿದರೂ ಬೇಡ. ಮಗುವಿಗಂತೂ ಬೇಡವೇ ಬೇಡ. ಕುಕ್ಕರಿನ ಬೆಚ್ಚಗಿಡುವ ಗುಂಡಿ ರಾತ್ರಿಯಿಡೀ ಉರಿಯುತ್ತಿದ್ದು ಅನ್ನ ಕೈ ಸುಡುವಷ್ಟು ಬಿಸಿಯಿದ್ದರೆ ಬೇರೆ ಮಾತು. ನೀನು ಆರಿಸಿದ್ದೆ ಎಂದು ಬರೆದಿದ್ದೀಯ.

ಈಗ ನಮ್ಮವರೇ ಬರುತ್ತಾರೆ, ಹಿಂದಿನವರು ತಂಗಳನ್ನ ತಿಂದೇ ಗಟ್ಟಿಯಾಗಿರಲಿಲ್ಲವೇ ಎಂದು. ತಿಂದರು. ಅಜ್ಜಿ ಅನ್ನಕ್ಕೆ ನೀರು ಸುರಿದು, ಮಜ್ಜಿಗೆ ಬೆರೆಸಿ, ಮಡಕೆಯಲ್ಲಿ ಹುಳಿ ಬರಿಸುತ್ತಿದ್ದರು. ಹುಳಿಯಲ್ಲಿ ಈ ಸೂಕ್ಷ್ಮಾಣು ಹಾಗೆ ಬೆಳೆಯುವುದಿಲ್ಲ. ಕುಕ್ಕರಿನಲ್ಲಿ ಮರೆತುಹೋದ ಒಣ ಅನ್ನವನ್ನು ಅದಕ್ಕೆ ಹೋಲಿಸಬೇಡಿ. ಹೋದ ವರ್ಷದ ಗೃಹಪ್ರವೇಶದಲ್ಲಿ ನಾನು ಇದನ್ನೇ ಹೇಳಿದ್ದು. ಮಧ್ಯಾಹ್ನದ ಅನ್ನ ಕೊಳಗದಲ್ಲಿ ಮುಚ್ಚಿಟ್ಟಂತೆಯೇ ಇದೆ, ಬೆಳಿಗ್ಗೆ ಇದರಲ್ಲಿ ಚಿತ್ರಾನ್ನ ಕಲಸಬೇಡಿ, ಮಕ್ಕಳಿದ್ದಾರೆ ಎಂದೆ. ಎಲ್ಲರ ಮುಂದೆ ನನಗೆ ಸಿಕ್ಕಿದ ಉತ್ತರ, ಸಿಂಗಾಪುರದ ಗತ್ತು ಇನ್ನೂ ಇಳಿದಿಲ್ಲ ಎಂದು. ಹೇಳಿದವರು ಈ ಗುಂಪಿನಲ್ಲೇ ಇದ್ದಾರೆ, ಹೆಸರು ಬರೆಯುವುದಿಲ್ಲ. ಗಂಡನ ಬೆನ್ನು ಸವರುತ್ತ ಆಸ್ಪತ್ರೆಯಲ್ಲಿ ಕುಳಿತವಳ ಮಾತು ಗತ್ತೇ? ದಿನವೂ ಈ ಗುಂಪಿಗೆ ಹೂವಿನ ಚಿತ್ರ, ಶುಭೋದಯ ಬರುತ್ತವೆ. ಹಿರಿಯರು ಅನುಭವದಿಂದ ಹೇಳಿದ ಮಾತಿಗೆ ಮಾತ್ರ ಯಾರ ಉತ್ತರವೂ ಇಲ್ಲ. ಬಣ್ಣ ಸುರಿದ ಗೋಬಿ ಮಂಚೂರಿಯನ್ನು ತಿಂದು ಚೀನೀ ಅಡುಗೆ ಎಂದರೆ ಇಷ್ಟೇ ಎಂದುಕೊಂಡವರಿಗೆ ಸಿಂಗಾಪುರದ ನಮ್ಮ ಎದುರುಮನೆಯ ಚೀನೀ ಅಜ್ಜಿ ಪೋಪೋಳ ಅಡುಗೆಮನೆಯನ್ನು ಒಮ್ಮೆ ತೋರಿಸಬೇಕಿತ್ತು.

ಪೋಪೋಳನ್ನು ನಿನ್ನ ಅಮ್ಮ ನೋಡಿದ್ದಾಳೆ, ದಕ್ಷಿಣ ಚೀನಾದ ಕ್ಯಾಂಟನ್ ಕಡೆಯ ಮುದುಕಿ. ದೊಡ್ಡಪ್ಪ ಆಸ್ಪತ್ರೆಯಿಂದ ಬಂದ ದಿನ ಕೇಳದೆಯೇ ಗಂಜಿ ತಂದಳು. ಒಂದು ಪಾಲು ಅಕ್ಕಿಗೆ ಹತ್ತು ಪಾಲು ನೀರು, ಅಕ್ಕಿ ಒಡೆದು ಕೆನೆಯಾಗುವವರೆಗೆ ಸಣ್ಣ ಉರಿ, ಕೂದಲಿನಷ್ಟು ತೆಳ್ಳಗೆ ಸೀಳಿದ ಶುಂಠಿ, ಉಪ್ಪು. ಅಷ್ಟೇ. ವಾಂತಿಯಾದ ಹೊಟ್ಟೆಯಲ್ಲಿ ಮೊದಲು ನಿಂತದ್ದು ಅದೇ.

ಅಯ್ಯೋ, ಮಗು ಹಸಿದು ಕುಳಿತಿದೆ, ನಾನು ಎಲ್ಲಿಗೋ ಹೋದೆ. ಈಗ ಮಾಡಬೇಕಾದದ್ದನ್ನು ಹೇಳುತ್ತೇನೆ. ಹೊಸದಾಗಿ ಅನ್ನ ಮಾಡು, ನೀರು ಸ್ವಲ್ಪ ಕಡಿಮೆ ಹಾಕು. ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಹರಡಿ ಫ್ಯಾನಿನ ಕೆಳಗಿಡು. ಅರ್ಧ ಗಂಟೆಯಲ್ಲಿ ಹಬೆ ಹೋಗಿ ಅಗುಳು ಬಿಡಿಬಿಡಿಯಾಗುತ್ತದೆ, ಫ್ರೈಡ್ ರೈಸಿಗೆ ಅದೇ ಸಾಕು. ಹಳೆಯ ಅನ್ನವೇ ಬೇಕೆಂದೇನಿಲ್ಲ. ಮುಂದೆ ಅನ್ನ ಉಳಿದರೂ ಹೀಗೆಯೇ ಹರಡಿ, ಒಂದು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸು, ಮರುದಿನವೇ ಮುಗಿಸು. ಫ್ರೈಡ್ ರೈಸ್ ಬೇಸರವಾದರೆ ಪೋಪೋಳ ಮನೆಯಂತೆ ಟೊಮೆಟೊ ಮೊಟ್ಟೆ ಮಾಡು. ಮೊಟ್ಟೆಯನ್ನು ಎಣ್ಣೆಯಲ್ಲಿ ದೊಡ್ಡ ದೊಡ್ಡ ಮುದ್ದೆಯಾಗಿ ತಿರುವಿ ತೆಗೆದಿಡು, ಅದೇ ಬಾಣಲೆಯಲ್ಲಿ ಟೊಮೆಟೊ ರಸ ಬಿಡುವವರೆಗೆ ಬೇಯಿಸು, ಉಪ್ಪು, ಚಿಟಿಕೆ ಸಕ್ಕರೆ ಹಾಕಿ ಮೊಟ್ಟೆಯನ್ನು ಮತ್ತೆ ಸೇರಿಸು, ಬಿಸಿ ಅನ್ನದ ಮೇಲೆ ಸುರಿ.

ಸಂಜೆಗೆ ಬೇಗ ಆಗುವ ಸಿಹಿಯನ್ನೂ ಕೇಳಿದ್ದೀಯ. ನೆಗಡಿಯ ಬಾಯಿಗೆ ಶುಂಠಿ ಹಾಲು ಮಾಡು, ಅದೂ ಕ್ಯಾಂಟನ್ ಕಡೆಯದೇ. ನಾರು ತುಂಬಿದ ಬಲಿತ ಶುಂಠಿಯನ್ನು ತುರಿದು ಹಿಂಡಿ, ಬಟ್ಟಲಿಗೆ ಒಂದು ದೊಡ್ಡ ಚಮಚ ರಸ ಹಾಕು. ಒಂದು ಲೋಟ ಗಟ್ಟಿ ಹಾಲಿಗೆ ಸಕ್ಕರೆ ಹಾಕಿ ಕಾಯಿಸು, ಇಳಿಸಿ 70 ಡಿಗ್ರಿಯಷ್ಟಕ್ಕೆ ಆರಲು ಬಿಡು. ರಸವನ್ನು ಒಮ್ಮೆ ಕಲಕಿ, ಹಾಲನ್ನು ಒಂದೇ ಸಲಕ್ಕೆ ಮೇಲಿನಿಂದ ಸುರಿ. ಆಮೇಲೆ ಹತ್ತು ನಿಮಿಷ ಬಟ್ಟಲನ್ನು ಅಲುಗಾಡಿಸಬೇಡ, ಮಗನಿಗೂ ಮುಟ್ಟಲು ಬಿಡಬೇಡ. ಗಿಣ್ಣಿನಂತೆ ಮೆತ್ತಗೆ ಗಟ್ಟಿಯಾಗುತ್ತದೆ, ಮೇಲಿಟ್ಟ ಚಮಚ ಮುಳುಗುವುದಿಲ್ಲ. ಹಾಲು ಕುದಿಕುದಿ ಇದ್ದಾಗಲೇ ಸುರಿದರೆ ಅಥವಾ ಎಳೆ ಶುಂಠಿ ಹಾಕಿದರೆ ಗಟ್ಟಿಯಾಗದು. ಹಾಗಾದರೆ ಲೋಟಕ್ಕೆ ಬಗ್ಗಿಸಿ ಕುಡಿಸಿಬಿಡು. ಮಗ ಏನು ತಿಂದನೆಂದು ರಾತ್ರಿ ಫೋನ್ ಮಾಡಿ ಹೇಳು, ನಾನು ಎಚ್ಚರವಾಗಿರುತ್ತೇನೆ.