ಸಲ್ಫೈಡ್ ಹೆಚ್ಚಿಸಿದರೂ ಎಫ್‌ಜಿಡಿ ನೀರಿನ ಪಾದರಸ ಇಳಿಯುತ್ತಿಲ್ಲ, ಯಾಕೆ?

ಪ್ರಶ್ನೆ (ಜಲಶೋಧಕ):
ಕಲ್ಲಿದ್ದಲು ಸ್ಥಾವರದಲ್ಲಿ ಹೊಗೆಯ ಗಂಧಕವನ್ನು ತೊಳೆದು ತೆಗೆಯುವ ವೆಟ್ ಎಫ್‌ಜಿಡಿಯಿಂದ ಬರುವ ತ್ಯಾಜ್ಯನೀರು. ಸುಣ್ಣ ಹಾಕಿ ಪಿಎಚ್ 9ಕ್ಕೆ ಏರಿಸಿ, ಪಾದರಸವನ್ನು ಕರಗದ ಕಣವಾಗಿಸಲು ಸೋಡಿಯಂ ಸಲ್ಫೈಡ್, ಆಮೇಲೆ ಕಣಗಳನ್ನು ಒಟ್ಟುಗೂಡಿಸುವ ಪಾಲಿಮರ್, ಕೊನೆಗೆ ಅವು ತಳಕ್ಕೆ ಕೂರುವ ತೊಟ್ಟಿ (ಕ್ಲಾರಿಫೈಯರ್). ಒಳಗೆ ಬರುವ ಪಾದರಸ ಲೀಟರಿಗೆ 0.2 ಮಿ.ಗ್ರಾಂ, ಹೊರಗೆ 0.03. ಮಿತಿ 0.01. ಸಲ್ಫೈಡ್ 10ರಿಂದ 25 ಮಿ.ಗ್ರಾಂಗೆ ಏರಿಸಿದ ಮೇಲೆ ಹೊರಬರುವ ಪಾದರಸ ಇನ್ನೂ ಹೆಚ್ಚಾಯಿತು. ಕಾರ್ಬನ್ ಫಿಲ್ಟರ್ ಕೂರಿಸಬೇಕೇ?

ಕ್ಷಾರಮಾಪಕ:
ಈಗಲೇ ಬೇಡ. ಹೊರಬರುವ ನೀರನ್ನು ಎರಡು ಪಾಲು ಮಾಡಿ, ಒಂದನ್ನು 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಎರಡರಲ್ಲೂ ಪಾದರಸ ಅಳೆಯಿರಿ. ಸೋಸಿದ್ದರಲ್ಲಿ ತೀರಾ ಕಡಿಮೆ ಬಂದರೆ ಸಲ್ಫೈಡ್ ತನ್ನ ಕೆಲಸ ಮಾಡಿದೆ, ನುಣ್ಣನೆಯ ಕಣ ತಳಕ್ಕೆ ಕೂರದೆ ತೇಲಿಹೋಗುತ್ತಿದೆ ಎಂದರ್ಥ. ನಿಮ್ಮ ಸಾಲಿನಲ್ಲಿ ಫೆರಿಕ್ ಕ್ಲೋರೈಡೇ ಇಲ್ಲ! ಕಬ್ಬಿಣದ ಗಡ್ಡೆ ಕಟ್ಟದಿದ್ದರೆ ಪಾಲಿಮರ್ ಹಿಡಿಯುವುದಾದರೂ ಏನನ್ನು?

ಸೋಸಿದ ನೀರಿನಲ್ಲೂ ಅಷ್ಟೇ ಇದ್ದರೆ ಸಲ್ಫೈಡ್ ಅತಿಯಾಗಿರುವ ಸಂಭವ ಹೆಚ್ಚು. 1 ಮಿ.ಗ್ರಾಂ ಪಾದರಸಕ್ಕೆ ಲೆಕ್ಕದ ಪ್ರಕಾರ ಬೇಕಾದದ್ದು ಸುಮಾರು 0.4 ಮಿ.ಗ್ರಾಂ ಸೋಡಿಯಂ ಸಲ್ಫೈಡ್. ಬೇರೆ ಲೋಹಗಳೂ ತಿನ್ನುತ್ತವೆ, ನಿಜ. ಆದರೆ ಮಿಕ್ಕ ಸಲ್ಫೈಡ್ ಕ್ಷಾರದ ನೀರಿನಲ್ಲಿ, ಕೂತ ಪಾದರಸವನ್ನೇ ಮತ್ತೆ ಕರಗಿಸಿಕೊಳ್ಳುತ್ತದೆ. ನೀವು ಕಂಡ ಏರಿಕೆಗೆ ಇದು ಸರಿಹೊಂದುತ್ತದೆ.

ಕೆಸರುಗುಂಡಿ:
ಜಾರ್ ಟೆಸ್ಟ್ ಮಾಡಿ. 1 ಲೀಟರಿನ ಬೀಕರುಗಳಲ್ಲಿ ಸಲ್ಫೈಡ್ 1, 3, 6, 10 ಮಿ.ಗ್ರಾಂ, ಎಲ್ಲಕ್ಕೂ ಒಂದೇ ಅಳತೆಯ ಫೆರಿಕ್, ನಂತರ ಪಾಲಿಮರ್, ಅರ್ಧ ಗಂಟೆ ಕೂರಿಸಿ ಮೇಲಿನ ನೀರು ತೆಗೆಯಿರಿ. ಫೆರಿಕ್ ಪಿಎಚ್ ಇಳಿಸುತ್ತದೆ, ಸುಣ್ಣದಿಂದ ಮತ್ತೆ 8.5ರ ಮೇಲಕ್ಕೆ ತನ್ನಿ. 7ರ ಕೆಳಗೆ ಹೋದರೆ ಹೈಡ್ರೋಜನ್ ಸಲ್ಫೈಡ್ ಅನಿಲ ಏಳುತ್ತದೆ, ಮುಚ್ಚಿದ ಟ್ಯಾಂಕಿನಲ್ಲಿ ಅದು ಪ್ರಾಣಕ್ಕೇ ಅಪಾಯ. ಈ ಕಾರಣಕ್ಕೇ, ಸೋಡಿಯಂ ಸಲ್ಫೈಡಿನ ಬದಲು ಟಿಎಂಟಿ-15 (ಲೋಹಗಳನ್ನು ಹಿಡಿಯುವ ಗಂಧಕಯುಕ್ತ ಸಾವಯವ ದ್ರಾವಣ) ಮೇಲು ಎನ್ನುತ್ತೇನೆ, ಬೆಲೆ ಹೆಚ್ಚಾದರೂ.

ಮಾದರಿಯನ್ನು ಮಾಮೂಲಿ ಪ್ಲಾಸ್ಟಿಕ್ ಬಾಟಲಿಯಲ್ಲಿ ಇಡಬೇಡಿ. ಪಾದರಸ ಗೋಡೆಗೆ ಅಂಟಿ ವರದಿ ಸುಳ್ಳಾಗುತ್ತದೆ.

ಚಿಮಣಿಪಕ್ಕ:
ಗಾಳಿಯ ಕಡೆಯನ್ನೂ ನೋಡಿ. ಸ್ಕ್ರಬ್ಬರ್ (ಎಫ್‌ಜಿಡಿಯ ಹೊಗೆ ತೊಳೆಯುವ ಭಾಗ) ನೀರಿಗಿಳಿಸುವುದು ಆಕ್ಸಿಡೀಕರಣಗೊಂಡ ಪಾದರಸವನ್ನು ಮಾತ್ರ, ಲೋಹರೂಪದ ಆವಿ ಕರಗದೆ ಚಿಮಣಿಯಿಂದ ಹೊರಟುಹೋಗುತ್ತದೆ. ಅದರೊಳಗಿನ ತೊಳೆಯುವ ಗಂಜಿಯಲ್ಲಿ (ಸ್ಲರಿ) ಸಲ್ಫೈಟ್ (ಸಲ್ಫೈಡ್ ಅಲ್ಲ) ಹೆಚ್ಚಾದರೆ, ಹಿಡಿದ ಪಾದರಸವೂ ಲೋಹರೂಪಕ್ಕೆ ಮರಳಿ ಮೇಲೇರುತ್ತದೆ. ಹಾಗಾಗಿ ಗಾಳಿಯೂದಿ ಸಲ್ಫೈಟನ್ನು ಸಲ್ಫೇಟ್ ಆಗಿಸುವ ಆಕ್ಸಿಡೇಶನ್ ಬ್ಲೋವರ್ ಸರಿಯಾಗಿ ಓಡುತ್ತಿದೆಯೇ ಪರೀಕ್ಷಿಸಿ. ಚಿಮಣಿಯ ಅಳತೆಯಿಲ್ಲದೆ, ನೀರಿನಲ್ಲಿ ಪಾದರಸ ಕಡಿಮೆ ಬಂತೆಂದು ಸಮಾಧಾನಪಡಬೇಡಿ.

ಜಲಶೋಧಕ:
ನಾಳೆಯೇ 0.45 ಮೈಕ್ರಾನ್ ಪರೀಕ್ಷೆ ಮಾಡಿಸುತ್ತೇವೆ. ಜಾರ್ ಟೆಸ್ಟಿನ ಅಂಕಿಗಳನ್ನು ಇಲ್ಲೇ ಹಾಕುತ್ತೇನೆ.