ಬಯೋಸೇಫ್ಟಿ ಕೆಲಸದ ಬಗ್ಗೆ ಮೇಡಂ ಅವರನ್ನು ಕೇಳಿ

ಅಡ್ಮಿನ್: ಇವತ್ತು ಸುಧಾ ಮೇಡಂ ನಮ್ಮ ಗ್ರೂಪಿನಲ್ಲಿದ್ದಾರೆ. ಬೆಂಗಳೂರಿನ ಒಂದು ವಿಶ್ವವಿದ್ಯಾಲಯದಲ್ಲಿ ಬಯೋಸೇಫ್ಟಿ ಆಫೀಸರ್, ಅಂದರೆ ಲ್ಯಾಬಿನ ರೋಗಾಣು ಜನರಿಗೆ ತಗುಲದಂತೆ ನೋಡಿಕೊಳ್ಳುವವರು. ಏನು ಬೇಕಾದರೂ ಕೇಳಿ. ಫಾರ್ವರ್ಡ್ ಬೇಡ.

ಕಿರಣ್: ಮೇಡಂ, ಎಂ.ಎಸ್‌ಸಿ ಮೈಕ್ರೋಬಯಾಲಜಿ ಮುಗಿದಿದೆ. ಈ ಕೆಲಸಕ್ಕೆ ಬರೋದು ಹೇಗೆ?

ಸುಧಾ: ಮೊದಲು ನಾಲ್ಕೈದು ವರ್ಷ ಲ್ಯಾಬಿನಲ್ಲಿ ದುಡಿಯಿರಿ. ಪೈಪೆಟ್ ಹಿಡಿಯದವರ ಮಾತನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಅಪಾಯಕಾರಿ ಸೂಕ್ಷ್ಮಜೀವಿ, ಜೀನ್ ಬದಲಿಸಿದ ಜೀವಿಗಳ ಬಗೆಗಿನ 1989ರ ನಿಯಮ, ಕೇಂದ್ರದ ಬಯೋಟೆಕ್ನಾಲಜಿ ಇಲಾಖೆಯ (ಡಿಬಿಟಿ) 2017ರ ಮಾರ್ಗಸೂಚಿ, 2016ರ ಬಯೋಮೆಡಿಕಲ್ ವೇಸ್ಟ್ ನಿಯಮ ಓದಿಕೊಳ್ಳಿ. ಜೀನ್ ಬದಲಿಸುವ ಕೆಲಸ ನಡೆಯುವ ಸಂಸ್ಥೆಯಲ್ಲಿ ಐಬಿಎಸ್‌ಸಿ ಅಂತ ಸುರಕ್ಷತಾ ಸಮಿತಿ ಇರಲೇಬೇಕು. ಅದರ ಮಿನಿಟ್ಸ್ ಬರೆಯುವ ಕೆಲಸ ಸಿಕ್ಕರೂ ಬಿಡಬೇಡಿ. ನಾನು ಶುರು ಮಾಡಿದ್ದೂ ಅಲ್ಲಿಂದಲೇ.

ಪ್ರದೀಪ: ಸಂಬಳ ಎಷ್ಟು ಬರುತ್ತೆ ಮೇಡಂ?

ನಯನಾ: ಮೇಡಂ, ನಾನು ಪಿಎಚ್‌ಡಿ ಮೊದಲನೇ ವರ್ಷ. ಆಸ್ಪತ್ರೆಯಿಂದ ಬಂದ ಕಫದ ಸ್ಯಾಂಪಲ್‌ಗಳನ್ನು ಲ್ಯಾಮಿನಾರ್‌ನಲ್ಲಿ (ಫಿಲ್ಟರ್ ಮಾಡಿದ ಗಾಳಿ ಬೀಸುವ, ಮುಂದೆ ತೆರೆದಿರುವ ಪೆಟ್ಟಿಗೆ) ತೆರೆದು ವೋರ್ಟೆಕ್ಸ್ ಮಾಡುತ್ತೇವೆ, ಅಂದರೆ ಮೆಷಿನ್ ಮೇಲಿಟ್ಟು ಜೋರಾಗಿ ಅಲುಗಿಸುತ್ತೇವೆ. ಸ್ಪಿರಿಟ್, ಯುವಿ ಎರಡೂ ಇದೆಯಲ್ಲ, ಸಾಕು ಅಂತಾರೆ ಗೈಡ್. ಸರೀನಾ?

ಸುಧಾ: ಅಲ್ಲ. ಇವತ್ತೇ ನಿಲ್ಲಿಸಿ. ಲ್ಯಾಮಿನಾರ್ ಇರುವುದು ಸ್ಯಾಂಪಲ್ ಕೆಡದಿರಲಿ ಅಂತ, ನಿಮ್ಮನ್ನು ಕಾಪಾಡಲು ಅಲ್ಲ. ಅದರ ಗಾಳಿ ಒಳಗಿಂದ ನಿಮ್ಮ ಮುಖದ ಕಡೆಗೇ ಬರುತ್ತೆ. ನಂಬಿಕೆ ಇಲ್ಲದಿದ್ದರೆ ಹೀಗೆ ಮಾಡಿ. ಒಳಗೆ ಏನೂ ಇಡದೆ, ಚೆನ್ನಾಗಿ ಒರೆಸಿದ ಮೇಲೆ, ಬ್ಲೋವರ್ ಹಾಕಿ. ಟಿಶ್ಯೂ ಪೇಪರಿನ ತೆಳ್ಳನೆಯ ಎಳೆಯೊಂದನ್ನು ಲ್ಯಾಮಿನಾರ್‌ನ ತೆರೆದ ಬಾಯಿಯ ಹತ್ತಿರ ಹಿಡಿಯಿರಿ. ಅದು ಯಾವ ಕಡೆ ಹಾರುತ್ತೆ ನೋಡಿ. ನಿಮಗೆ ಬೇಕಿರುವುದು ಕ್ಲಾಸ್ 2 ಬಯೋಸೇಫ್ಟಿ ಕ್ಯಾಬಿನೆಟ್. ಅದು ಮುಂದಿನ ಗಾಳಿಯನ್ನು ಒಳಗೆ ಎಳೆದುಕೊಂಡು, ಫಿಲ್ಟರ್ ಮಾಡಿ ಹೊರಗೆ ಬಿಡುತ್ತೆ. ನೋಡಲು ಎರಡೂ ಒಂದೇ ಥರ. ತೊಂದರೆ ಇರುವುದೇ ಅಲ್ಲಿ.

ಕಫದಲ್ಲಿ ಟಿಬಿ ಇಲ್ಲ ಅಂತ ಯಾರು ಹೇಳಿದರು? ವೋರ್ಟೆಕ್ಸ್ ಮಾಡಿದ ತಕ್ಷಣ ಮುಚ್ಚಳ ತೆಗೆದರೆ ಕಣ್ಣಿಗೆ ಕಾಣದ ಹನಿಗಳು ಏಳುತ್ತವೆ. ಯುವಿ ನೆರಳಿಗೆ ತಲುಪಲ್ಲ. ಸ್ಪಿರಿಟ್ ಮೇಜು ಒರೆಸಲು ಸರಿ, ಗಾಳಿಗೆ ಏನು ಮಾಡುತ್ತೆ? ಲ್ಯಾಬಿನಲ್ಲಿ ಯಾರಿಗಾದರೂ ಎರಡು ವಾರ ದಾಟಿದ ಕೆಮ್ಮು ಇದೆಯಾ? ಇದ್ದರೆ ಸೋಮೇಶ್ವರನಗರದ ಎಸ್‌ಡಿಎಸ್ ಟಿಬಿ ಆಸ್ಪತ್ರೆಗೋ ಇನ್ಯಾವುದಾದರೂ ಆಸ್ಪತ್ರೆಗೋ ಹೋಗಿ, ಯಾವ ಸ್ಯಾಂಪಲ್ ಮುಟ್ಟುತ್ತೀರಿ ಅಂತಲೂ ಹೇಳಿ.

ಮಂಜುನಾಥ: *ಬ್ಲೀಚ್‌ಗೆ ಟಾಯ್ಲೆಟ್ ಆಸಿಡ್ ಬೆರೆಸಿ ಒರೆಸಿ, ಡಬಲ್ ಪವರ್! ಕರ್ಪೂರ ಹಚ್ಚಿದರೆ ವೈರಸ್ ಸಾಯುತ್ತೆ. ಎಲ್ಲರಿಗೂ ಕಳಿಸಿ.*

ಸುಧಾ: ದಯವಿಟ್ಟು ಯಾರೂ ಇದನ್ನು ಮಾಡಬೇಡಿ. ಅವೆರಡೂ ಸೇರಿದರೆ ಕ್ಲೋರಿನ್ ಗ್ಯಾಸ್ ಬರುತ್ತೆ. ಸಣ್ಣ ಬಾತ್‌ರೂಮಿನಲ್ಲಿ ಪ್ರಾಣಕ್ಕೇ ಕುತ್ತು. ಬ್ಲೀಚ್ ಹಾಕಿದ ವೇಸ್ಟನ್ನು ಬಿಸಿ ಹಬೆಯಲ್ಲಿ ರೋಗಾಣು ಕೊಲ್ಲುವ ಆಟೋಕ್ಲೇವ್‌ಗೂ ಹಾಕಬಾರದು. ಕರ್ಪೂರ ದೇವರ ಮನೆಯಲ್ಲಿ ಇರಲಿ.

ಮಂಜುನಾಥ: ಒಳ್ಳೇದಕ್ಕೆ ಕಳಿಸಿದ್ದು ಮೇಡಂ. ನಮ್ಮ ಹಿರಿಯರು ದಡ್ಡರಾ?

ಸುಧಾ: ನಿಮ್ಮ ಹಿರಿಯರ ಹತ್ತಿರ ಟಾಯ್ಲೆಟ್ ಆಸಿಡ್ ಇತ್ತಾ? ಡಿಲೀಟ್ ಮಾಡಿ.

ವಿವೇಕ್: ಎಲ್ಲಾ ಸರಿ, ಆದ್ರೆ ಈ ಸಮಿತಿಗಳು ಸುಮ್ನೆ ಫೈಲ್ ತಳ್ಳೋ ಕೆಲಸ. ನನ್ನ ಪ್ರಾಜೆಕ್ಟ್ ಒಂದು ಸಹಿಗೆ ಮೂರು ತಿಂಗಳು ನಿಂತಿತು.

ಶಾಲಿನಿ: ಅರ್ಜಿಯಲ್ಲಿ ಯಾವ ಸ್ಟ್ರೇನ್ (ಸೂಕ್ಷ್ಮಜೀವಿಯ ತಳಿ) ಅಂತ ಬರೆದಿದ್ರಾ ಸರ್?

ವಿವೇಕ್: ನೀವು ಕಮಿಟಿಯವರಾ?

ಶಾಲಿನಿ: ನಾನು ನಿಮ್ಮಂಥವರ ಡಿಸ್ಕಾರ್ಡ್ ಬಕೆಟ್ ಖಾಲಿ ಮಾಡುವ ಲ್ಯಾಬ್ ಟೆಕ್ನಿಷಿಯನ್. ಕೆಂಪು ಚೀಲದೊಳಗೆ ಸೂಜಿ ಹಾಕ್ತೀರಲ್ಲ, ಅದು ಚುಚ್ಚೋದು ನನ್ನ ಕೈಗೆ.

ವಿವೇಕ್: ನನ್ನ ಲ್ಯಾಬಿನಲ್ಲಿ ಹಾಗೆ ಆಗಲ್ಲ.

ಶಾಲಿನಿ: ಎಲ್ಲರೂ ಹೀಗೇ ಅಂತಾರೆ.

ಅಡ್ಮಿನ್: ಇಬ್ಬರೂ ಸಾಕು ಮಾಡಿ.

ಗೀತಾ: ಬಯೋಸೇಫ್ಟಿ, ಬಯೋಸೆಕ್ಯುರಿಟಿ ಎರಡೂ ಒಂದೇನಾ?

ಸುಧಾ: ಅಲ್ಲ. ರೋಗಾಣುವಿನಿಂದ ಜನರನ್ನು ಕಾಯುವುದು ಸೇಫ್ಟಿ. ಕೆಟ್ಟ ಉದ್ದೇಶದ ಜನರಿಂದ ರೋಗಾಣುವನ್ನು ಕಾಯುವುದು ಸೆಕ್ಯುರಿಟಿ. ಫ್ರೀಜರ್ ಬೀಗದ ಕೀ ಯಾರ ಹತ್ತಿರ ಇದೆ, ವಯಲ್ ಎಷ್ಟಿವೆ, ಇದೆಲ್ಲ ಎರಡನೆಯದು. ಹೊರದೇಶಕ್ಕೆ ಕಳಿಸುವ ಮುಂಚೆ ಸ್ಕೋಮೆಟ್ ಪಟ್ಟಿ, ಅಂದರೆ ರಫ್ತಿನ ಮೇಲೆ ಸರ್ಕಾರದ ನಿಯಂತ್ರಣ ಇರುವ ವಸ್ತುಗಳ ಪಟ್ಟಿ ನೋಡಬೇಕು.

ಹರೀಶ: ಎಂ.ಎಸ್‌ಸಿ ಆಗಿದೆ. ಈ ಫೀಲ್ಡಿಗೆ ಬರೋದು ಹೇಗೆ?

ಸುಧಾ: ಮೇಲೆ ಓದಿ.

ರೇಖಾ: ಯಾವ ಆನ್‌ಲೈನ್ ಕೋರ್ಸ್ ಮಾಡಲಿ? ಯಲಹಂಕ ಹತ್ತಿರ ಪಿಜಿ ಇದ್ರೆ ಹೇಳಿ.

ನಯನಾ: ಮೇಡಂ, ಟಿಶ್ಯೂ ಹಿಡಿದೆ. ಎಳೆ ನನ್ನ ಕಡೆಗೇ ಹಾರಿತು. ಗೈಡ್ ಎದುರಿಗೇ ಇದ್ದರು, ಏನೂ ಹೇಳಲಿಲ್ಲ. ನಮ್ಮ ಸೀನಿಯರ್ ಒಬ್ಬರಿಗೆ ಒಂದು ತಿಂಗಳಿಂದ ಕೆಮ್ಮು.

ಸುಧಾ: ಇನ್‌ಬಾಕ್ಸ್‌ಗೆ ಬನ್ನಿ. ಈಗಲೇ. ಇಲ್ಲಿ ಕಾಲೇಜಿನ ಹೆಸರು ಹಾಕಬೇಡಿ.

ಪ್ರದೀಪ: ಸಂಬಳದ್ದು ಯಾರೂ ಹೇಳ್ಲೇ ಇಲ್ಲ.