ಸ್ಟರ್ನ್ ಡ್ರೈವ್‌ಗೆ ಜೀಪಿನ 90 ನಂಬರ್ ಆಯಿಲ್ ಹಾಕಬಹುದಾ? ಇಳಿಸಿದ ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕಿದೆ

ಹೇಮಾವತಿ ದಡ (ಹಾಸನ):
ಎಲ್ಲರಿಗೂ ನಮಸ್ಕಾರ. ಗೊರೂರು ಹಿನ್ನೀರಲ್ಲಿ ನಮ್ಮ ಚಿಕ್ಕಪ್ಪನವರ ಬೋಟ್ ಇದೆ. 18 ಅಡಿದು, ಕರಾವಳಿ ಕಡೆಯಿಂದ ಸೆಕೆಂಡ್ ಹ್ಯಾಂಡ್ ತಂದಿದ್ದು. ಒಳಗೆ ಪೆಟ್ರೋಲ್ ಎಂಜಿನ್, ಹಿಂದೆ ಮರ್ಕ್ರೂಸರ್ ಆಲ್ಫಾ ಒನ್ ಜೆನ್ 2 ಸ್ಟರ್ನ್ ಡ್ರೈವ್, ಅಂದ್ರೆ ಎಂಜಿನ್ ಶಕ್ತಿಯನ್ನು ಪ್ರೊಪೆಲ್ಲರಿಗೆ ಮುಟ್ಟಿಸೋ ಗೇರ್ ಭಾಗ. ಶೆಟ್ಟಿಹಳ್ಳಿ ಚರ್ಚಿನ ಗೋಡೆ ಅರ್ಧ ಮುಳುಗುವಷ್ಟು ನೀರು ಬಂದರೆ ಬೋಟ್ ಇಳಿಸ್ತೀವಿ, ನೀರು ಹಿಂದೆ ಸರಿದಾಗ ಎತ್ತಿ ಶೆಡ್ಡಿಗೆ ಹಾಕ್ತೀವಿ.

ಈ ಸಲ ಎತ್ತಿದಾಗ ಎಂಜಿನ್ ಪಕ್ಕದ ಗೇರ್ ಆಯಿಲ್ ಬಾಟಲಿಯಲ್ಲಿ ನೊರೆ ಕಾಣಿಸ್ತು. ಕೆಳಗಿನ ಬೋಲ್ಟ್ ಬಿಚ್ಚಿದರೆ ಮೊದಲು ಎರಡು ಚಮಚದಷ್ಟು ನೀರು, ಆಮೇಲೆ ಕಾಫಿ ಬಣ್ಣದ ಗಟ್ಟಿ ಆಯಿಲ್ ಬಂತು. ಹೋದ ವರ್ಷ ನಾನೇ ಮನೆಯಲ್ಲಿ ಉಳಿದಿದ್ದ ಜೀಪಿನ ಗೇರ್‌ಬಾಕ್ಸ್ ಆಯಿಲ್ ಹಾಕಿದ್ದೆ, 80ಡಬ್ಲ್ಯೂ-90 (ಇದು ದಪ್ಪದ ನಂಬರ್), ಜಿಎಲ್-4 (ಇದು ಗೇರ್ ಆಯಿಲಿನ ದರ್ಜೆ). ಅದರಿಂದಲೇ ಹೀಗಾಯ್ತಾ? ಇಲ್ಲಿನ ಅಂಗಡಿಯವರು 140 ನಂಬರ್ ಹಾಕಿ, ದಪ್ಪ ಇರೋದರಿಂದ ನೀರು ಒಳಗೆ ಬರಲ್ಲ ಅಂತಾರೆ. ಗೇರ್ ಹಾಕುವಾಗ ಕಟಕ್ ಅಂತ ಒಂದು ಸದ್ದೂ ಬರುತ್ತೆ. ದಯವಿಟ್ಟು ತಿಳಿದವರು ಹೇಳಿ, ತುಂಬಾ ಆತಂಕದಲ್ಲಿದ್ದೀನಿ.

ಮೂಡಿಗೆರೆ ತೋಟ:
ನಮ್ಮ ತೋಟದ ಕೆರೆಯಲ್ಲಿರೋದು ಚಿಕ್ಕ ಯಮಹಾ ಔಟ್‌ಬೋರ್ಡ್, ಎಂಜಿನ್ನೂ ಬೋಟಿನ ಹೊರಗೇ ಇರೋದು. ಅದರ ಪುಸ್ತಕದಲ್ಲಿ ಜಿಎಲ್-4, 90 ನಂಬರ್ ಅಂತಲೇ ಇದೆ, ಅದನ್ನೇ ಹಾಕ್ತೀನಿ. ಜೀಪಿನ ಗೇರ್‌ಬಾಕ್ಸ್‌ಗೆ ಜಿಎಲ್-4 ಯಾಕೆ ಅಂದ್ರೆ ಒಳಗೆ ಹಿತ್ತಾಳೆ ರಿಂಗ್ ಇರುತ್ತೆ. ಹಿಂದಿನ ಚಕ್ರಗಳ ನಡುವಿನ ಡಿಫರೆನ್ಷಿಯಲ್‌ಗೆ ಜಿಎಲ್-5, ಅಲ್ಲಿ ಗೇರ್ ಹಲ್ಲಿನ ಮೇಲೆ ಒತ್ತಡ ಜಾಸ್ತಿ. ನಿಮ್ಮ ಡ್ರೈವ್ ನನಗೆ ಪರಿಚಯ ಇಲ್ಲ, ಮಲ್ಪೆಯವರು ನೋಡಿದರೆ ಸರಿಯಾಗಿ ಹೇಳ್ತಾರೆ.

ಮಲ್ಪೆ ಬಂದರು:
ಮಾರಾಯ್ರೆ, ಮೊದಲು ಆಯಿಲ್ ಯಾವುದು ಅನ್ನೋ ಪ್ರಶ್ನೆ ಬದಿಗಿಡಿ. ಯಾವ ಆಯಿಲ್ ಹಾಕಿದರೂ ಅದು ನೀರನ್ನು ಒಳಗೆ ಕರೆಯುದಿಲ್ಲ, ತಡೆಯುದೂ ಇಲ್ಲ. ತಡೆಯುದು ಸೀಲ್, ಶಾಫ್ಟಿನ ಸುತ್ತ ಕೂರುವ ರಬ್ಬರ್ ಬಳೆ. 140 ಹಾಕಿದರೆ ಸೀಲಿನ ತೂತು ಮುಚ್ಚುದಿಲ್ಲ, ದಪ್ಪ ಆಯಿಲ್ ಬೇರಿಂಗಿಗೆ ಬೇಗ ತಲುಪದೆ ಬೇರೆ ತೊಂದರೆ ಶುರುವಾಗ್ತದೆ. ದಯವಿಟ್ಟು ಅದನ್ನು ಹಾಕಬೇಡಿ.

ಹಾಗಂತ ಜೀಪಿನ ಆಯಿಲ್ ಸರಿ ಅಂತಲೂ ಅಲ್ಲ. ನಿಮ್ಮ ಡ್ರೈವಿಗೆ ಬೇಕಾದ್ದು ಮರೀನ್ ಗೇರ್ ಲ್ಯೂಬ್, ಎಸ್‌ಎಇ 90. ಕಂಪನಿಯೇ ಹೈ ಪರ್ಫಾರ್ಮೆನ್ಸ್ ಅಂತ ಮಾರುವ ದರ್ಜೆ ಉಂಟಲ್ಲ, ಅದು. ಸ್ವಲ್ಪ ನೀರು ಸೇರಿದರೂ ಹಲ್ಲು, ಬೇರಿಂಗ್ ಮೇಲಿನ ಪದರ ಬಿಡದ ಹಾಗೆ, ತುಕ್ಕು ಹಿಡಿಯದ ಹಾಗೆ ಅದರಲ್ಲಿ ಮದ್ದು ಹಾಕಿರ್ತಾರೆ. ರಸ್ತೆ ಗಾಡಿಯ ಆಯಿಲ್ ಮಾಡುವವರು ನೀರಿನ ಬಗ್ಗೆ ಅಷ್ಟು ಯೋಚನೆ ಮಾಡಿರುದಿಲ್ಲ.

ಎಲ್ಲ ಡ್ರೈವಿಗೂ ಒಂದೇ ಅಂತ ತಿಳಿಯಬೇಡಿ. ಹಳೆಯ ವೋಲ್ವೋ ಪೆಂಟಾ ಡ್ರೈವ್ ಕೆಲವಕ್ಕೆ ಗೇರ್ ಆಯಿಲೇ ಅಲ್ಲ, ಎಂಜಿನ್ ಆಯಿಲ್ ಹಾಕಬೇಕು. ಮರ್ಕ್ರೂಸರ್ ಬ್ರಾವೋದಲ್ಲಿ ಕೋನ್ ಕ್ಲಚ್ ಉಂಟು, ಉಜ್ಜಿ ಹಿಡಿಯುವಂಥದ್ದು. ಅದಕ್ಕೆ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್‌ನ ಜಾರು ಮದ್ದು ಸೇರಿದ ಆಯಿಲ್ ಹಾಕಿದರೆ ಕ್ಲಚ್ ಹಿಡಿಯುದೇ ಇಲ್ಲ. ನಿಮ್ಮ ಆಲ್ಫಾದಲ್ಲಿ ಇರುದು ಹಲ್ಲಿನ ಕ್ಲಚ್, ಡಾಗ್ ಕ್ಲಚ್. ಒಂದು ಸಲ ಕಟಕ್ ಅನ್ನುದು ಅದರ ಸ್ವಭಾವ. ಕರಕರ ಅಂತ ಉಜ್ಜಿದರೆ ಮಾತ್ರ ಗೇರ್ ಕೇಬಲ್ ನೋಡಿ.

ಈಗ ಕೆಲಸ. ಪ್ರೊಪೆಲ್ಲರ್ ಬಿಚ್ಚಿ ಶಾಫ್ಟ್ ಬುಡ ನೋಡಿ. ಹಿನ್ನೀರಲ್ಲಿ ಬಲೆ ಬಿಡ್ತಾರಲ್ಲ, ಆ ದಾರ ಸುತ್ತಿಕೊಂಡರೆ ಮೊದಲು ತಿನ್ನುದೇ ಅಲ್ಲಿನ ಸೀಲ್. ಆಯಿಲ್ ಇಳಿಸಿದ ಬೋಲ್ಟಿನ ಅಯಸ್ಕಾಂತ ತೋರಿಸಿ, ಏನು ಅಂಟಿದೆ?

ಹೇಮಾವತಿ ದಡ (ಹಾಸನ):
ಅಣ್ಣ, ನೀವು ಹೇಳಿದ ಹಾಗೇ ಇದೆ. ಪ್ರೊಪೆಲ್ಲರ್ ಹಿಂದಿನ ದಪ್ಪ ವಾಷರ್ ತೆಗೆದರೆ ನೈಲಾನ್ ದಾರ ಶಾಫ್ಟ್ ಸುತ್ತ ಬಳೆ ತರ ಬಿಗಿದು, ಬಿಸಿಗೆ ಕರಗಿ ಗಟ್ಟಿಯಾಗಿತ್ತು. ಬ್ಲೇಡಲ್ಲಿ ಕುಯ್ದು ತೆಗೆಯೋಕೆ ಅರ್ಧ ಗಂಟೆ ಬೇಕಾಯ್ತು. ಹೊರಗಿನ ಸೀಲಿನ ತುಟಿ ಒಂದು ಕಡೆ ಹರಿದಿದೆ. ಅಯಸ್ಕಾಂತದ ಮೇಲೆ ಬೂದಿ ಬಣ್ಣದ ನಯವಾದ ಪೇಸ್ಟ್ ಮಾತ್ರ, ಚೂರು ಏನೂ ಇಲ್ಲ.

ಮಲ್ಪೆ ಬಂದರು:
ಪೇಸ್ಟ್ ಮಾತ್ರ ಇದ್ದರೆ ಭಯ ಬೇಡ, ಅದು ಮಾಮೂಲಿ ಸವೆತ. ಚೂರು ಬಂದಿದ್ದರೆ ಬಿಚ್ಚಲೇಬೇಕಿತ್ತು.

ಅಲ್ಲಿ ಎರಡು ಸೀಲ್ ಉಂಟು, ಬೆನ್ನಿಗೆ ಬೆನ್ನು. ಒಳಗಿಂದು ಆಯಿಲ್ ಹೊರಗೆ ಬಿಡುದಿಲ್ಲ, ಹೊರಗಿಂದು ನೀರು ಒಳಗೆ ಬಿಡುದಿಲ್ಲ. ಎರಡನ್ನೂ ಬದಲಾಯಿಸಿ, ತುಟಿ ಯಾವ ಕಡೆ ಇತ್ತು ಅಂತ ಫೋಟೋ ತೆಗೆದಿಟ್ಟುಕೊಳ್ಳಿ. ಶಾಫ್ಟಿನ ಮೇಲೆ ಉಗುರು ಆಡಿಸಿ. ಉಗುರು ಸಿಕ್ಕಿಕೊಳ್ಳುವಷ್ಟು ಗೆರೆ ಬಿದ್ದಿದ್ದರೆ ಹೊಸ ಸೀಲೂ ನಿಲ್ಲುದಿಲ್ಲ.

ಆಯಿಲ್ ಹಾಕುವ ಮೊದಲು ಗೇಜ್ ಇರುವ ಕೈ ಪಂಪಿಂದ ಡ್ರೈವಿನೊಳಗೆ 10 ಪಿಎಸ್‌ಐ ಗಾಳಿ ತುಂಬಿ, ಐದು ನಿಮಿಷ ಮುಳ್ಳು ಇಳಿಯುತ್ತದಾ ನೋಡಿ. ಪಂಚರ್ ಅಂಗಡಿಯ ಕಂಪ್ರೆಸರ್ ಮಾತ್ರ ನೇರ ಕೊಡಬೇಡಿ, ಸರಿ ಇರುವ ಸೀಲೂ ಹಾರಿ ಹೋಗ್ತದೆ. ಇಳಿದರೆ ಸೋಪಿನ ನೊರೆ ಹಚ್ಚಿ. ವಾಟರ್ ಪಂಪಿನ ಕೆಳಗೆ, ಗೇರ್ ಬದಲಿಸುವ ಶಿಫ್ಟ್ ಶಾಫ್ಟ್ ಹತ್ತಿರವೂ ಸೀಲ್ ಉಂಟು, ಅಲ್ಲೂ ಗುಳ್ಳೆ ನೋಡಿ.

ತುಂಬುದು ಯಾವಾಗಲೂ ಕೆಳಗಿನ ತೂತಿಂದ, ಪಂಪಲ್ಲಿ. ಮೇಲಿಂದ ಸುರಿದರೆ ಗಾಳಿ ಒಳಗೇ ಉಳಿತದೆ. ಮೇಲಿನ ತೂತಲ್ಲಿ ಗುಳ್ಳೆ ಇಲ್ಲದ ಆಯಿಲ್ ಬಂದ ಮೇಲೆ ಮೊದಲು ಮೇಲಿನ ಬೋಲ್ಟ್ ಹಾಕಿ, ಆಮೇಲೆ ಪಂಪ್ ತೆಗೆದು ಕೆಳಗಿಂದು. ಎರಡಕ್ಕೂ ಹೊಸ ವಾಷರ್. ಬಾಟಲಿ ಸೇರಿ ಸುಮಾರು 1.9 ಲೀಟರ್ ಹಿಡಿತದೆ. ಎರಡೂವರೆ ಲೀಟರ್ ತಂದಿಟ್ಟುಕೊಳ್ಳಿ.

ಸೀಲ್ ಬರಲು ತಡವಾದರೆ ಡ್ರೈವನ್ನು ಹಾಗೇ ಬಿಡಬೇಡಿ. ನೀರು ತಾಗಿದ ಬೇರಿಂಗ್ ಬೇಗ ತುಕ್ಕು ಹಿಡಿತದೆ. ಇವತ್ತೇ ಯಾವುದಾದರೂ ಶುದ್ಧ 90 ತುಂಬಿ, ಕೈಯಲ್ಲಿ ಶಾಫ್ಟ್ ತಿರುಗಿಸಿಡಿ.

ಮೂಡಿಗೆರೆ ತೋಟ:
ಇಳಿಸಿದ ಆಯಿಲ್ ಕ್ಯಾನಲ್ಲಿ ಹಿಡಿದು ಗ್ಯಾರೇಜಿಗೆ ಕೊಡಿ. ಆ ನೀರನ್ನೇ ಊರುಗಳು ಕುಡಿಯೋದು.

ಹೇಮಾವತಿ ದಡ (ಹಾಸನ):
ಖಂಡಿತ, ಕ್ಯಾನಲ್ಲೇ ಇದೆ. ಮೂರು ವಾರ ಆದಮೇಲೆ ಬರೀತಿದ್ದೀನಿ. ಸೀಲ್ ಎರಡೂ ಹಾಕಿಸಿದೆ, ಶಾಫ್ಟ್ ನಯವಾಗೇ ಇತ್ತು. 10 ಪಿಎಸ್‌ಐ ಐದು ನಿಮಿಷ ಅಲ್ಲಾಡಲಿಲ್ಲ. ಮರೀನ್ 90 ಮಂಗಳೂರಿಂದ ತರಿಸಿ ತುಂಬಿ, ಎರಡು ಗಂಟೆ ಓಡಿಸಿ, ಒಳಗೆ ಉಳಿದಿದ್ದ ತೇವ ಹೋಗಲಿ ಅಂತ ಪೂರ್ತಿ ಇಳಿಸಿ ಮತ್ತೆ ಹೊಸದು ತುಂಬಿದೆ. ನಿನ್ನೆ, ಬೋಟ್ ರಾತ್ರಿಯಿಡೀ ನಿಂತ ಮೇಲೆ, ಕೆಳಗಿನ ಬೋಲ್ಟ್ ಒಂದೇ ಸುತ್ತು ಸಡಿಲಿಸಿ ನೋಡಿದೆ. ಮೊದಲ ಹನಿಯೇ ಆಯಿಲ್, ಜೇನುತುಪ್ಪದ ಹಾಗೆ ತಿಳಿಯಾಗಿದೆ. ಚಿಕ್ಕಪ್ಪನವರಿಗೆ ಬೆರಳಿಗೆ ಹಚ್ಚಿ ತೋರಿಸಿದೆ.

ಮಲ್ಪೆ ಬಂದರು:
ಒಳ್ಳೆದಾಯ್ತು. ಇನ್ನು 100 ಗಂಟೆ ಅಥವಾ ವರ್ಷಕ್ಕೊಮ್ಮೆ, ಯಾವುದು ಮೊದಲೋ ಆಗ ಬದಲಾಯಿಸಿ. ಬಲೆ ದಾಟಿದ ದಿನ ಪ್ರೊಪೆಲ್ಲರ್ ಬಿಚ್ಚಿ ನೋಡಿ.